ಅಳಿಸುವ ಮುಂಚೆ ಓದಿಕೊಳ್ಳಿ: ಸಣ್ಣ ಮೈಕ್ರೋಕಂಟ್ರೋಲರ್‌ಗಳ ಪ್ರೋಗ್ರಾಂ ಮೆಮೊರಿ ಗುರುತಿಸುವುದು, ಬಳಸುವುದು

ಕೈಯಲ್ಲಿ ಒಂದು ಸಣ್ಣ ಮೈಕ್ರೋಕಂಟ್ರೋಲರ್ ಇದೆ, ಅಂದರೆ ಪ್ರೋಗ್ರಾಂ ಪ್ರಕಾರ ಯಂತ್ರ ನಡೆಸುವ ಚಿಪ್. ಅದನ್ನು ಪ್ರೋಗ್ರಾಮರ್, ಅಂದರೆ ಚಿಪ್‌ಗೆ ಪ್ರೋಗ್ರಾಂ ಬರೆಯುವ ಉಪಕರಣದ ಸಾಕೆಟ್‌ಗೆ ಹಾಕಿದ್ದೀರಿ. ಸ್ಕ್ರೀನ್ ಮೇಲೆ ರೀಡ್, ಇರೇಸ್, ಪ್ರೋಗ್ರಾಂ ಅಂತ ಬಟನ್‌ಗಳು ಕಾಣುತ್ತಿವೆ. ಇರೇಸ್ ಒತ್ತುವ ಮುಂಚೆ ಒಂದೇ ಒಂದು ವಿಷಯ ಗೊತ್ತಿರಬೇಕು: ಈ ಚಿಪ್‌ನಲ್ಲಿ ಏನು ಹೋದರೆ ಮತ್ತೆ ಬರುವುದಿಲ್ಲ?

ಈಗ ಹೆಚ್ಚಿನವರು ಆರ್ಡುಯಿನೋ ಎಂಬ ಕಲಿಕೆಯ ಬೋರ್ಡ್‌ನಿಂದ ಶುರು ಮಾಡುತ್ತಾರೆ. ಹಾಗಾಗಿ ಪ್ರೋಗ್ರಾಂ ಅಂದರೆ ಬೇಕೆಂದಾಗ ಬರೆದು ಬೇಡವೆಂದಾಗ ಅಳಿಸುವಂಥದ್ದು ಎಂಬ ಅಭ್ಯಾಸ ಆಗಿಬಿಟ್ಟಿದೆ. ಆರ್ಡುಯಿನೋ ಮಟ್ಟಿಗೆ ಅದು ಸರಿ. ಆದರೆ ಹಳೆಯ ಬೋರ್ಡ್ ರಿಪೇರಿಗೆ ಕೂತಾಗ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಡಬ್ಬಿಯಿಂದ ಹೆಕ್ಕಿ ತಂದ ಐಸಿ ಜೊತೆ ಕೆಲಸ ಮಾಡುವಾಗ, ಅಥವಾ ಸಾವಿರಗಟ್ಟಲೆ ತಯಾರಿಸುವ ಅಗ್ಗದ ವಸ್ತುವಿಗೆ ಚಿಪ್ ಆರಿಸುವಾಗ ಅದೇ ಅಭ್ಯಾಸ ಕೈಕೊಡುತ್ತದೆ. ಒಂದು ಚಿಪ್‌ನಲ್ಲಿ ಬರೆದದ್ದು ಶಾಶ್ವತ. ಇನ್ನೊಂದರಲ್ಲಿ ಅಳಿಸಬಹುದು, ಆದರೆ ಅಳಿಸುವಾಗ ಫ್ಯಾಕ್ಟರಿಯವರು ಬರೆದಿಟ್ಟ ಒಂದು ಸಂಖ್ಯೆಯೂ ಜೊತೆಗೆ ಹೋಗುತ್ತದೆ. ಮತ್ತೊಂದರಲ್ಲಿ ಒಂದು ಬಿಟ್ ತಪ್ಪಾಗಿ ಹಾಕಿದರೆ ನಿಮ್ಮ ಪ್ರೋಗ್ರಾಮರ್‌ಗೆ ಚಿಪ್ ಕಾಣಿಸುವುದೇ ಇಲ್ಲ.

ಮೊದಲು ನಂಬರ್ ಓದಿ

ಚಿಪ್ ಮೇಲಿನ ನಂಬರ್‌ನಲ್ಲೇ ಮೆಮೊರಿ ಯಾವುದು ಅನ್ನುವುದು ಸಾಮಾನ್ಯವಾಗಿ ಅಡಗಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು, ಬೇಕಾದರೆ ಭೂತಗನ್ನಡಿ ಇಟ್ಟುಕೊಂಡು ಪೂರ್ತಿ ಓದಿ.

ಮೈಕ್ರೋಚಿಪ್ ಕಂಪನಿಯ ಪಿಕ್ ಚಿಪ್‌ಗಳಲ್ಲಿ ನಡುವಿನ ಅಕ್ಷರ ನೋಡಿ. 16ಸಿ54, 12ಸಿ508 ಹೀಗೆ 'ಸಿ' ಇದ್ದರೆ ಅದು ಇಪ್ರಾಮ್ ಜಾತಿ, ಅಂದರೆ ಬರೆದದ್ದನ್ನು ಅತಿನೇರಳೆ ಬೆಳಕಿನಿಂದ ಮಾತ್ರ ಅಳಿಸಬಹುದಾದ ಮೆಮೊರಿ. 'ಸಿಆರ್' ಇದ್ದರೆ ಮಾಸ್ಕ್ ರಾಮ್, ಅಂದರೆ ಫ್ಯಾಕ್ಟರಿಯಲ್ಲೇ ಪ್ರೋಗ್ರಾಂ ಅಚ್ಚಾಗಿ ಬಂದದ್ದು. 'ಎಫ್' ಇದ್ದರೆ ಫ್ಲ್ಯಾಶ್, ಅಂದರೆ ವಿದ್ಯುತ್ತಿನಿಂದಲೇ ಅಳಿಸಿ ಮತ್ತೆ ಬರೆಯಬಹುದಾದದ್ದು. ಈ ನಿಯಮಕ್ಕೆ ಒಂದು ದೊಡ್ಡ ಅಪವಾದ ಇದೆ: 1993ರಲ್ಲಿ ಬಂದ 16ಸಿ84. ಹೆಸರಲ್ಲಿ 'ಸಿ' ಇದ್ದರೂ ಅದರ ಪ್ರೋಗ್ರಾಂ ಮೆಮೊರಿ ಇಇಪ್ರಾಮ್, ವಿದ್ಯುತ್ತಿನಿಂದಲೇ ಅಳಿಸಬಹುದು. ಆ ಕಾಲದ ಹವ್ಯಾಸಿಗಳು ಅದನ್ನು ಅಷ್ಟು ಹಚ್ಚಿಕೊಂಡದ್ದು ಇದೇ ಕಾರಣಕ್ಕೆ. ಆಮೇಲೆ ಅದರ ಜಾಗಕ್ಕೆ 16ಎಫ್84, 16ಎಫ್84ಎ ಬಂದವು.

'ಸಿ' ಪಿಕ್‌ಗಳಲ್ಲಿ ನಂಬರ್‌ನ ಕೊನೆಯ ಅಕ್ಷರಗಳನ್ನೂ ನೋಡಿ. 'ಜೆಡಬ್ಲ್ಯು' ಇದ್ದರೆ ಸೆರಾಮಿಕ್ ಮೈ, ಮೇಲೆ ಗಾಜಿನಂಥ ಕಿಟಕಿ. ಅದನ್ನು ಅಳಿಸಬಹುದು. 'ಪಿ' ಅಥವಾ 'ಎಸ್‌ಒ' ಇದ್ದರೆ ಪ್ಲಾಸ್ಟಿಕ್ ಮೈ, ಕಿಟಕಿ ಇಲ್ಲ. ಅದಕ್ಕೆ ಒಂದೇ ಸಲ ಬರೆಯಬಹುದು.

8051 ಕುಟುಂಬದಲ್ಲಿ ಹೆಚ್ಚಾಗಿ ಮೊದಲ ಎರಡು ಅಂಕಿಗಳೇ ಹೇಳುತ್ತವೆ. ಇಂಟೆಲ್‌ನ 8051ರಲ್ಲಿ 4 ಕೆಬಿ ಮಾಸ್ಕ್ ರಾಮ್ ಇತ್ತು, 8751ರಲ್ಲಿ ಅಷ್ಟೇ ಇಪ್ರಾಮ್, 8031ರಲ್ಲಿ ಒಳಗೆ ಪ್ರೋಗ್ರಾಂ ಮೆಮೊರಿಯೇ ಇಲ್ಲ. ಬೇರೆ ಕಂಪನಿಗಳು ಕೂಡ ಇದೇ ಜಾಡು ಹಿಡಿದವು: 87 ಅಂದರೆ ಇಪ್ರಾಮ್ ಅಥವಾ ಒಂದೇ ಸಲದ್ದು, 89 ಅಂದರೆ ಫ್ಲ್ಯಾಶ್. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಕಾಣುವ ಆಟ್ಮೆಲ್‌ನ ಎಟಿ89ಸಿ51, ಎಟಿ89ಎಸ್52 ಎರಡೂ ಫ್ಲ್ಯಾಶ್. ವ್ಯತ್ಯಾಸ ಏನೆಂದರೆ 'ಎಸ್' ಇದ್ದದ್ದನ್ನು ಬೋರ್ಡ್‌ನಿಂದ ತೆಗೆಯದೆ ನಾಲ್ಕೈದು ತಂತಿಯಲ್ಲಿ ಬರೆಯಬಹುದು. 'ಸಿ' ಇದ್ದದ್ದಕ್ಕೆ ಎಲ್ಲ ಪಿನ್ ಹಿಡಿಯುವ ಪ್ಯಾರಲಲ್ ಪ್ರೋಗ್ರಾಮರ್ ಬೇಕು. ಕೊಳ್ಳುವಾಗ ಈ ಒಂದು ಅಕ್ಷರ ನೋಡಿ ಕೊಳ್ಳಿ.

ಮೋಟರೋಲಾದಲ್ಲಿ 68ಎಚ್‌ಸಿ05 ಮಾಸ್ಕ್ ರಾಮ್, 68ಎಚ್‌ಸಿ705 ಇಪ್ರಾಮ್, 68ಎಚ್‌ಸಿ908 ಫ್ಲ್ಯಾಶ್. ಎಸ್‌ಟಿ ಕಂಪನಿಯ ಹಳೆಯ ಎಸ್‌ಟಿ62 ಚಿಪ್‌ಗಳಲ್ಲಿ 'ಟಿ' ಇದ್ದರೆ ಒಂದೇ ಸಲದ್ದು, 'ಇ' ಇದ್ದರೆ ಕಿಟಕಿಯದ್ದು. ಆಟ್ಮೆಲ್‌ನ ಇನ್ನೊಂದು ಕುಟುಂಬವಾದ ಎವಿಆರ್‌ನಲ್ಲಿ ಈ ತಲೆನೋವಿಲ್ಲ, ಎಟಿಟೈನಿ, ಎಟಿಮೆಗಾ ಎಲ್ಲ ಫ್ಲ್ಯಾಶ್.

ನಂಬರ್ ಇಲ್ಲವೇ ಇಲ್ಲ, ಬೋರ್ಡ್ ಮೇಲೆ ಕರಿ ಅಂಟಿನ ಉಂಡೆ ಮಾತ್ರ ಇದೆ ಅಂದರೆ ಅದು ಹೆಚ್ಚಾಗಿ ಮಾಸ್ಕ್ ರಾಮ್ ಅಥವಾ ಒಂದೇ ಸಲದ್ದು. ಆಟಿಕೆ, ರಿಮೋಟ್, ಅಡುಗೆಮನೆ ತಕ್ಕಡಿಗಳಲ್ಲಿ ಇದೇ ಇರುತ್ತದೆ. ಅದರ ಮೇಲೆ ಪ್ರೋಗ್ರಾಮರ್ ಹಿಡಿದು ಸುಮ್ನೆ ಹೊತ್ತು ಕಳೆಯಬೇಡಿ.

ಒಳಗೆ ಏನಾಗುತ್ತದೆ

ಇಪ್ರಾಮ್, ಇಇಪ್ರಾಮ್, ಫ್ಲ್ಯಾಶ್ ಮೂರರಲ್ಲೂ ಒಂದೇ ಉಪಾಯ ಇದೆ. ಪ್ರತಿ ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಅದರೊಳಗೆ ಸುತ್ತಲೂ ಆಕ್ಸೈಡ್ ಮುಚ್ಚಿದ ತೇಲುವ ಗೇಟ್. ಬರೆಯುವಾಗ ಹೆಚ್ಚಿನ ವೋಲ್ಟೇಜ್ ಕೊಟ್ಟು ಆ ಗೇಟಿಗೆ ಎಲೆಕ್ಟ್ರಾನ್‌ಗಳನ್ನು ತುಂಬುತ್ತೇವೆ. ಸುತ್ತ ಆಕ್ಸೈಡ್ ಇರುವುದರಿಂದ ಕರೆಂಟ್ ಹೋದರೂ ಅವು ಅಲ್ಲೇ ವರ್ಷಗಟ್ಟಲೆ ಉಳಿಯುತ್ತವೆ. ಅವನ್ನು ಹೊರಗೆ ತರುವ ದಾರಿ ಯಾವುದು ಅನ್ನುವುದರಲ್ಲೇ ವ್ಯತ್ಯಾಸ. ಇಪ್ರಾಮ್‌ನಲ್ಲಿ ಅತಿನೇರಳೆ ಬೆಳಕು ಬೇಕು. ಇಇಪ್ರಾಮ್ ಮತ್ತು ಫ್ಲ್ಯಾಶ್‌ನಲ್ಲಿ ಆಕ್ಸೈಡ್ ಪದರ ತುಂಬಾ ತೆಳು, ವೋಲ್ಟೇಜ್‌ನಿಂದಲೇ ಎಳೆದು ತೆಗೆಯಬಹುದು. ಇಪ್ರಾಮನ್ನು 1971ರಲ್ಲಿ ಇಂಟೆಲ್‌ನಲ್ಲಿ ಡೋವ್ ಫ್ರೋಮನ್ ಮಾಡಿದರು. ಫ್ಲ್ಯಾಶ್ ಬಂದದ್ದು ತೋಶಿಬಾದ ಫುಜಿಯೋ ಮಾಸುವೋಕಾ ಅವರಿಂದ, 1980ರ ದಶಕದಲ್ಲಿ.

ಇನ್ನೊಂದು ಮಾತು ಚೆನ್ನಾಗಿ ನೆನಪಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಹೇಳುತ್ತಿರುವ ಚಿಪ್‌ಗಳಲ್ಲಿ ಖಾಲಿ ಬಿಟ್ ಅಂದರೆ 1. ಬರೆದಾಗ ಅದು 0 ಆಗುತ್ತದೆ. ಬರೆಯುವುದು ಕಾಗದಕ್ಕೆ ತೂತು ಹೊಡೆದ ಹಾಗೆ: ಹೊಸ ತೂತು ಯಾವಾಗ ಬೇಕಾದರೂ ಹೊಡೆಯಬಹುದು, ಹೊಡೆದದ್ದನ್ನು ಮುಚ್ಚಬೇಕಾದರೆ ಮಾತ್ರ ಪೂರ್ತಿ ಅಳಿಸಬೇಕು. ಆದ್ದರಿಂದಲೇ ಖಾಲಿ 8051 ಜಾತಿಯ ಚಿಪ್ ಓದಿದರೆ ಎಲ್ಲ ಕಡೆ ಎಫ್‌ಎಫ್ (ಎಂಟೂ ಬಿಟ್ 1 ಅನ್ನುವುದನ್ನು ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ ಬರೆಯುವ ರೀತಿ) ಕಾಣುತ್ತದೆ. ಒಂದೊಂದು ಆದೇಶಕ್ಕೆ 12 ಬಿಟ್ ಹಿಡಿಯುವ ಪಿಕ್‌ನಲ್ಲಿ ಎಫ್‌ಎಫ್‌ಎಫ್, 14 ಬಿಟ್ ಪಿಕ್‌ನಲ್ಲಿ 3ಎಫ್‌ಎಫ್‌ಎಫ್.

ಮಾಸ್ಕ್ ರಾಮ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಿಪ್ ತಯಾರಿಸುವಾಗಲೇ ಪ್ರೋಗ್ರಾಂ ಸಿಲಿಕಾನ್‌ನಲ್ಲಿ ಅಚ್ಚಾಗಿರುತ್ತದೆ. ಬರೆಯಲಾಗದು, ಅಳಿಸಲಾಗದು. ರಿಪೇರಿ ಮಾಡುವವರಿಗೆ ಮಾತ್ರ ಒಂದು ಮಾತು: ವಾಷಿಂಗ್ ಮೆಷಿನ್ ಅಥವಾ ಮೀಟರ್ ಬೋರ್ಡ್‌ನ ಮುಖ್ಯ ಐಸಿ ಸತ್ತಿದ್ದರೆ, ಅದೇ ಕುಟುಂಬದ ಖಾಲಿ ಐಸಿ ತಂದು ಬೆಸುಗೆ ಹಾಕಿ ಪ್ರಯೋಜನ ಇಲ್ಲ. ಒಳಗಿನ ಪ್ರೋಗ್ರಾಂ ನಿಮಗೆ ಸಿಗುವುದಿಲ್ಲ. ಅದೇ ಮಾಡೆಲ್‌ನ ಇನ್ನೊಂದು ಹಾಳು ಬೋರ್ಡ್ ಹುಡುಕಿ, ಅದರಿಂದ ಐಸಿ ಬಿಚ್ಚಿ ಹಾಕುವುದೊಂದೇ ದಾರಿ. ಒಳಗಿನ ಕೋಡನ್ನು ಹೊರಗಿಂದ ಯಾರೂ ಓದದಂತೆ ಬೀಗ ಹಾಕಿದ ಫ್ಲ್ಯಾಶ್ ಐಸಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಓಟಿಪಿ: ಒಂದೇ ಸಲ, ಆದರೆ ಪೂರ್ತಿ ಒಂದೇ ಸಲ ಅಲ್ಲ

ಓಟಿಪಿ (ಒನ್ ಟೈಮ್ ಪ್ರೋಗ್ರಾಮೆಬಲ್, ಅಂದರೆ ಒಂದೇ ಸಲ ಬರೆಯಬಹುದಾದ) ಚಿಪ್‌ನ ಒಳಗಿರುವುದು ಕಿಟಕಿ ಚಿಪ್‌ನಲ್ಲಿರುವ ಅದೇ ಇಪ್ರಾಮ್. ಕಿಟಕಿ ಇರುವ ಸೆರಾಮಿಕ್ ಮೈ ತುಂಬಾ ದುಬಾರಿ, ಅದಕ್ಕೆ ಅಗ್ಗದ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಮಾರುತ್ತಾರೆ. ಬೆಳಕು ಒಳಗೆ ಹೋಗದ ಕಾರಣ ಅಳಿಸಲಾಗದು, ಅಷ್ಟೇ.

ಇದು ಹಳೇ ಕಾಲದ ವಿಷಯ ಅಂದುಕೊಳ್ಳಬೇಡಿ. ತೈವಾನ್‌ನ ಪಡೌಕ್ ಕಂಪನಿಯ ಪಿಎಂಎಸ್150ಸಿ ಇಂದಿಗೂ ಓಟಿಪಿ, ಮೂರು ಸೆಂಟ್‌ನ ಮೈಕ್ರೋಕಂಟ್ರೋಲರ್ ಅಂತಲೇ ಅದು ಹೆಸರಾದದ್ದು. ಒಂದು ಸಾವಿರ ಪದಗಳಷ್ಟು (ಪದ ಅಂದರೆ ಒಂದು ಆದೇಶ ಹಿಡಿಸುವ ಜಾಗ) ಪ್ರೋಗ್ರಾಂ ಜಾಗ, 64 ಬೈಟ್ ರ್‍ಯಾಮ್, ಅಂದರೆ ಓಡುವಾಗ ಮಾತ್ರ ಬಳಸುವ ತಾತ್ಕಾಲಿಕ ಮೆಮೊರಿ. ಒಂದು ಎಲ್ಇಡಿ ದೀಪ ಅಥವಾ ಟೈಮರ್‌ಗೆ ಇದು ಧಾರಾಳ ಸಾಕು.

ಓಟಿಪಿ ಚಿಪ್ ಮೇಲೆ ನೇರವಾಗಿ ಪ್ರೋಗ್ರಾಂ ಬೆಳೆಸಲು ಹೋಗಬೇಡಿ. ಕೋಡ್ ಬರೆದು ತಿದ್ದುವ ಹಂತ ಪೂರ್ತಿ ಅಳಿಸಬಹುದಾದ ಜೊತೆಗಾರ ಚಿಪ್ ಮೇಲೆ ನಡೆಯಲಿ. ಹಳೇ ಪಿಕ್ ಆದರೆ ಅದೇ ನಂಬರ್‌ನ ಜೆಡಬ್ಲ್ಯು. ಪಡೌಕ್ ಆದರೆ ಫ್ಲ್ಯಾಶ್ ಇರುವ ಪಿಎಫ್‌ಎಸ್154. ಆದರೆ ಹುಷಾರ್, ಪಿಎಫ್‌ಎಸ್154ರ ಆದೇಶ 14 ಬಿಟ್, ಪಿಎಂಎಸ್150ಸಿಯದ್ದು 13 ಬಿಟ್. ಒಂದರ ಹೆಕ್ಸ್ ಫೈಲ್ (ಚಿಪ್‌ಗೆ ಬರೆಯಲು ಸಿದ್ಧವಾದ ಫೈಲ್) ಇನ್ನೊಂದಕ್ಕೆ ಆಗುವುದಿಲ್ಲ. ಬರೆದ ಕೋಡನ್ನು ಚಿಪ್‌ನ ಆದೇಶಗಳಾಗಿ ಬದಲಿಸುವ ಎಸ್‌ಡಿಸಿಸಿ ಕಂಪೈಲರ್ ಎರಡನ್ನೂ ಬಲ್ಲದು, ಮತ್ತೆ ಕಂಪೈಲ್ ಮಾಡಿಕೊಳ್ಳಿ. ರ್‍ಯಾಮ್ ಕೂಡ 128 ಬೈಟ್‌ನಿಂದ 64ಕ್ಕೆ ಇಳಿಯುತ್ತದೆ. ಮೊದಲಿಂದಲೇ ಆ ಲೆಕ್ಕದಲ್ಲೇ ಬರೆಯಿರಿ.

ಪ್ಲಾಸ್ಟಿಕ್ ಓಟಿಪಿ ಐಸಿಯನ್ನು ಬಿಡಿಯಾಗಿ ತಂದರೆ ಮೊದಲು ಮಾಡಬೇಕಾದದ್ದು ಬ್ಲ್ಯಾಂಕ್ ಚೆಕ್, ಅಂದರೆ ಚಿಪ್ ಖಾಲಿ ಇದೆಯೇ ಎಂಬ ಪರೀಕ್ಷೆ. ಯಾರೋ ಬೋರ್ಡ್‌ನಿಂದ ಬಿಚ್ಚಿ ಕಾಲು ನೇರ ಮಾಡಿ ಮಾರಿದ್ದರೆ ಅದರಲ್ಲಿ ಹಳೇ ಪ್ರೋಗ್ರಾಂ ಇರುತ್ತದೆ. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ. 12ಸಿ508ರಲ್ಲಿ ಬ್ಲ್ಯಾಂಕ್ ಚೆಕ್ ಮಾಡುವಾಗ ಕೊನೆಯ ವಿಳಾಸ ಮಾತ್ರ ಖಾಲಿ ಇರುವುದಿಲ್ಲ. ಅದು ದೋಷವಲ್ಲ, ಅದರ ಬಗ್ಗೆ ಕಿಟಕಿ ಚಿಪ್‌ನ ಭಾಗದಲ್ಲಿ ಹೇಳುತ್ತೇನೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಓಟಿಪಿಗೆ ಬರೆದಾಯಿತು, ಆಮೇಲೆ ಒಂದು ತಪ್ಪು ಕಂಡಿತು. ಚಿಪ್ ಎಸೆಯಲೇಬೇಕಾ? ಬೇಕಿಲ್ಲ, ಸ್ವಲ್ಪ ಖಾಲಿ ಜಾಗ ಉಳಿದಿದ್ದರೆ ಮತ್ತು ಕೋಡ್‌ಗೆ ಬೀಗ ಹಾಕಿಲ್ಲದಿದ್ದರೆ. 1 ಇದ್ದದ್ದನ್ನು 0 ಮಾಡುವುದು ಯಾವಾಗಲೂ ಸಾಧ್ಯ ಅಂದೆವಲ್ಲ? ಪಿಕ್‌ನಲ್ಲಿ ಏನೂ ಮಾಡದೆ ಮುಂದೆ ಹೋಗುವ ಆದೇಶ, ಅಂದರೆ ನೋಪ್, ಅದರ ಸಂಖ್ಯೆ ಪೂರ್ತಿ ಸೊನ್ನೆ. 8051ರಲ್ಲೂ ನೋಪ್ ಅಂದರೆ 00. ಇದರರ್ಥ, ಬರೆದಿರುವ ಯಾವ ಆದೇಶವನ್ನಾದರೂ ಅದರ ಎಲ್ಲ ಬಿಟ್ ಸೊನ್ನೆ ಮಾಡಿ ನೋಪ್ ಆಗಿಸಬಹುದು.

ಇದನ್ನು ಉಪಯೋಗಿಸಲು ಮೊದಲೇ ತಯಾರಿ ಬೇಕು. ಪ್ರೋಗ್ರಾಂ ಶುರುವಿನಲ್ಲಿ ಮುಖ್ಯ ಭಾಗಕ್ಕೆ ಹಾರುವ ಒಂದು ಗೋಟೂ ಇಡಿ. ಅದರ ಹಿಂದೆಯೇ ಒಂದೆರಡು ಪದ ಖಾಲಿ ಬಿಡಿ. ಮೊದಲ ಆವೃತ್ತಿ ಓಡುವಾಗ ಆ ಖಾಲಿ ಜಾಗಕ್ಕೆ ಯಾರೂ ಬರುವುದಿಲ್ಲ. ತಪ್ಪು ಕಂಡಾಗ ಮೊದಲ ಗೋಟೂವನ್ನು ಸೊನ್ನೆ ಮಾಡಿ, ಪಕ್ಕದ ಖಾಲಿ ಪದದಲ್ಲಿ ಹೊಸ ಗೋಟೂ ಬರೆಯಿರಿ, ಅದು ಉಳಿದ ಖಾಲಿ ಜಾಗದಲ್ಲಿ ಬರೆದ ಹೊಸ ಕೋಡ್‌ಗೆ ಹಾರಲಿ. ಇದೇ ರೀತಿ ಒಳಗಿನ ಒಂದೊಂದು ಕೆಲಸಕ್ಕೂ ಮಾಡಬಹುದು. 8051 ಜಾತಿಯಲ್ಲಿ ಗೋಟೂ ಕೆಲಸ ಮಾಡುವ ಎಲ್‌ಜಂಪ್‌ಗೆ ಮೂರು ಬೈಟ್ ಹಿಡಿಯುತ್ತದೆ, ಅದರ ಹಿಂದೆಯೇ 0003ರಲ್ಲಿ ಮೊದಲ ಇಂಟರಪ್ಟ್‌ನ (ಓಡುತ್ತಿರುವ ಕೆಲಸ ನಡುವೆ ನಿಲ್ಲಿಸಿ ಬೇರೆ ಕೋಡ್‌ಗೆ ಕರೆಯುವ ಸೂಚನೆ) ಜಾಗ ಬರುತ್ತದೆ. ಆ ಇಂಟರಪ್ಟ್ ಬಳಸದಿದ್ದರೆ ಮಾತ್ರ ಅಲ್ಲಿ ಎರಡನೇ ಜಂಪ್ ಇಡಬಹುದು.

ಹೀಗೆ ಮೇಲೆ ಬರೆಯುವಾಗ ಪ್ರೋಗ್ರಾಮರ್ ಸಾಫ್ಟ್‌ವೇರ್‌ನ ಬ್ಲ್ಯಾಂಕ್ ಚೆಕ್ ಆಯ್ಕೆ ತೆಗೆದುಬಿಡಿ, ಇಲ್ಲವಾದರೆ ಅದು ಶುರುವಿನಲ್ಲೇ ನಿಲ್ಲುತ್ತದೆ. ಹೊಸ ಹೆಕ್ಸ್ ಫೈಲ್‌ನಲ್ಲಿ ಹಳೇ ಕೋಡ್ ಹಾಗೇ ಇರಬೇಕು, ಬದಲಾದ ಕಡೆ ಮಾತ್ರ ಬದಲಾವಣೆ ಇರಬೇಕು. ಎಲ್ಲಾದರೂ 0 ಇದ್ದದ್ದನ್ನು 1 ಮಾಡಲು ಕೇಳಿದರೆ ವೆರಿಫೈ, ಅಂದರೆ ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವ ಹಂತ, ಸೋಲುತ್ತದೆ. ಬೀಗದ ಬಿಟ್‌ಗಳನ್ನು ಕೊನೆಯ ಆವೃತ್ತಿಯವರೆಗೆ ಮುಟ್ಟಬೇಡಿ.

ಕಿಟಕಿ ಚಿಪ್ ಅಳಿಸುವುದು

ಕಿಟಕಿ ಇರುವ 16ಸಿ54, 8751 ಮುಂತಾದವು ಈಗ ಹಳೇ ಬೋರ್ಡ್‌ಗಳಲ್ಲೇ ಹೆಚ್ಚಾಗಿ ಸಿಗುವುದು. ಸಿಕ್ಕರೆ ಜೋಪಾನ ಮಾಡಿ, ಸರಿಯಾಗಿ ನೋಡಿಕೊಂಡರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ.

ಅಳಿಸುವ ಮುಂಚೆ ಚಿಪ್ ಪೂರ್ತಿ ಓದಿ ಫೈಲ್ ಉಳಿಸಿ. ಇದು ಸುಮ್ನೆ ಹೇಳುವ ಮಾತಲ್ಲ. 12ಸಿ508ರ ಒಳಗೆ ಸ್ವಂತ ಆಸಿಲೇಟರ್, ಅಂದರೆ ಚಿಪ್ ಓಡುವ ವೇಗಕ್ಕೆ ತಾಳ ಹಾಕುವ ಭಾಗ, ಇದೆ. ಪ್ರತಿ ಚಿಪ್‌ನಲ್ಲೂ ಅದರ ವೇಗ ಸ್ವಲ್ಪ ಬೇರೆ. ಫ್ಯಾಕ್ಟರಿಯಲ್ಲಿ ಅಳೆದು, ಸರಿಪಡಿಸುವ ಸಂಖ್ಯೆಯನ್ನು ಒಂದು ಆದೇಶದ ರೂಪದಲ್ಲಿ ಪ್ರೋಗ್ರಾಂ ಮೆಮೊರಿಯ ಕೊನೆಯ ವಿಳಾಸ 1ಎಫ್‌ಎಫ್‌ನಲ್ಲಿ ಬರೆದಿರುತ್ತಾರೆ. ಚಿಪ್ ಶುರುವಾಗುವುದೂ ಅಲ್ಲಿಂದಲೇ: ಆ ಸಂಖ್ಯೆಯನ್ನು ಎತ್ತಿಕೊಂಡು ಸೊನ್ನೆ ವಿಳಾಸಕ್ಕೆ ಬರುತ್ತದೆ. ಬೆಳಕಿಗಿಟ್ಟರೆ ಪ್ರೋಗ್ರಾಂ ಜೊತೆ ಆ ಸಂಖ್ಯೆಯೂ ಅಳಿಯುತ್ತದೆ. ಆಮೇಲೆ ಸೀರಿಯಲ್ ಡೇಟಾ ಸರಿಯಾಗಿ ಹೋಗುವುದಿಲ್ಲ, ಟೈಮರ್ ಹಿಂದೆ ಮುಂದೆ ಆಗುತ್ತದೆ, ಎಷ್ಟು ಹುಡುಕಿದರೂ ಕೋಡ್‌ನಲ್ಲಿ ತಪ್ಪು ಸಿಗುವುದಿಲ್ಲ. ಸಂಖ್ಯೆಯನ್ನು ಓದಿ ಚಿಪ್‌ನ ಹೊಟ್ಟೆಯ ಕಡೆ ಮಾರ್ಕರ್‌ನಲ್ಲಿ ಬರೆದಿಡಿ. ಬೇರೆ ಚಿಪ್‌ನ ಸಂಖ್ಯೆ ಇದಕ್ಕೆ ಆಗುವುದಿಲ್ಲ.

ಇನ್ನೊಂದು: ಕಿಟಕಿ ಚಿಪ್‌ನಲ್ಲಿ ಕೋಡ್ ಪ್ರೊಟೆಕ್ಟ್ ಬಿಟ್, ಅಂದರೆ ಬೀಗದ ಬಿಟ್, ಹಾಕಲೇಬೇಡಿ. ಹಲವು ಪಿಕ್‌ಗಳಲ್ಲಿ ಆ ಬಿಟ್ ಮೇಲೆ ಬೆಳಕು ಬೀಳದ ಹಾಗೆ ಲೋಹದ ಮುಚ್ಚಳ ಇರುತ್ತದೆ. ಉಳಿದದ್ದೆಲ್ಲ ಅಳಿಯುತ್ತದೆ, ಬೀಗ ಮಾತ್ರ ಹಾಗೇ ಉಳಿಯುತ್ತದೆ. ಮೈಕ್ರೋಚಿಪ್‌ನವರೇ ಡೇಟಾಶೀಟ್‌ಗಳಲ್ಲಿ (ಚಿಪ್‌ನ ಪೂರ್ತಿ ವಿವರ ಕೊಡುವ ಕಂಪನಿಯ ದಾಖಲೆ) ಹಾಗೆ ಮಾಡಬೇಡಿ ಅಂದಿದ್ದಾರೆ.

ಈಗ ಬೆಳಕಿನ ವಿಷಯ. ಬೇಕಾದದ್ದು 253.7 ನ್ಯಾನೋಮೀಟರ್ ಅಲೆಯುದ್ದ, ಅಂದರೆ ಕ್ರಿಮಿ ಕೊಲ್ಲುವ ಪಾದರಸದ ಟ್ಯೂಬ್‌ಗಳು ಕೊಡುವ ಬೆಳಕು. ನೋಟು ಪರೀಕ್ಷಿಸುವ ನೇರಳೆ ದೀಪ, ಉಗುರು ಬಣ್ಣ ಒಣಗಿಸುವ ಯುವಿ ಎಲ್ಇಡಿ ಇವು 365 ನ್ಯಾನೋಮೀಟರ್ ಅಥವಾ ಅದಕ್ಕಿಂತ ಮೇಲಿನವು. ಅವುಗಳ ಕೆಳಗೆ ಇಡೀ ದಿನ ಇಟ್ಟರೂ ಕೆಲಸ ಆಗುವುದಿಲ್ಲ. ನೀರು ಶುದ್ಧ ಮಾಡುವ ಯುವಿ ಯಂತ್ರಕ್ಕೆ ಹಾಕುವ ಟ್ಯೂಬ್ ಮಾತ್ರ ಸರಿಯಾದ ಜಾತಿಯದು. ಅದನ್ನು ಅದಕ್ಕೆ ಹೊಂದುವ ಚೋಕ್ ಜೊತೆ ಬಳಸಿ.

ಈ ಬೆಳಕು ಕಣ್ಣಿಗೂ ಚರ್ಮಕ್ಕೂ ನಿಜವಾಗಿ ಅಪಾಯ. ನೋಡುವಾಗ ಏನೂ ಅನಿಸುವುದಿಲ್ಲ, ಕೆಲವು ಗಂಟೆ ಕಳೆದ ಮೇಲೆ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ ಶುರುವಾಗುತ್ತದೆ. ಬೆಳಕು ಸ್ವಲ್ಪವೂ ಹೊರಬರದ ಲೋಹದ ಪೆಟ್ಟಿಗೆ ಮಾಡಿ, ಮುಚ್ಚಳ ತೆಗೆದ ತಕ್ಷಣ ದೀಪ ಆರುವ ಸ್ವಿಚ್ ಹಾಕಿ. ಆ ಸ್ವಿಚ್ ಹಾಕಲು ಆಗದಿದ್ದರೆ ಈ ಪೆಟ್ಟಿಗೆ ಮಾಡುವುದೇ ಬೇಡ, ರೆಡಿಮೇಡ್ ಇರೇಸರ್ ಕೊಳ್ಳಿ. ಮಕ್ಕಳ ಕೈಗೆ ಸಿಗದಂತೆ ಇಡಿ.

ಎಷ್ಟು ಹೊತ್ತು? ಡೇಟಾಶೀಟ್‌ಗಳು ಕೊಡುವ ಅಳತೆ ಪ್ರತಿ ಚದರ ಸೆಂಟಿಮೀಟರ್‌ಗೆ ಒಟ್ಟು 15 ವ್ಯಾಟ್ ಸೆಕೆಂಡ್. ಚಿಪ್ ಮೇಲೆ ಚದರ ಸೆಂಟಿಮೀಟರ್‌ಗೆ 12,000 ಮೈಕ್ರೋವ್ಯಾಟ್ ಬೀಳುತ್ತಿದ್ದರೆ 1,250 ಸೆಕೆಂಡ್, ಅಂದರೆ ಸುಮಾರು 21 ನಿಮಿಷ. ಟ್ಯೂಬ್‌ನಿಂದ ಕಿಟಕಿಗೆ ಎರಡೂವರೆ ಸೆಂಟಿಮೀಟರ್ ಅಂತರ ಇರಲಿ. ಟ್ಯೂಬ್ ಹಳತಾದಷ್ಟೂ ಜಾಸ್ತಿ ಹೊತ್ತು ಬೇಕು. ಇಡುವ ಮುಂಚೆ ಕಿಟಕಿ ಮೇಲಿನ ಸ್ಟಿಕ್ಕರ್ ಅಂಟನ್ನು ಸ್ಪಿರಿಟ್ ಹಾಕಿ ಪೂರ್ತಿ ಒರೆಸಿ. ತೆಳ್ಳನೆಯ ಅಂಟು ಪದರ ಕಣ್ಣಿಗೆ ಕಾಣದಿದ್ದರೂ ಈ ಬೆಳಕನ್ನು ತಡೆಯುತ್ತದೆ. ಕಿಟಕಿ ಮೇಲೆ ಮಾಮೂಲಿ ಗಾಜು ಇಟ್ಟರೂ ಅಷ್ಟೇ, ಚಿಪ್‌ನ ಕಿಟಕಿ ಸ್ಫಟಿಕದ್ದು, ಅದಕ್ಕೇ ಬೆಳಕು ಒಳಗೆ ಹೋಗುವುದು.

ಬ್ಲ್ಯಾಂಕ್ ಚೆಕ್ ಪಾಸ್ ಆದ ನಿಮಿಷಕ್ಕೇ ನಿಲ್ಲಿಸಬೇಡಿ. ಅಂಚಿನಲ್ಲಿರುವ ಬಿಟ್‌ಗಳು 5 ವೋಲ್ಟ್‌ನಲ್ಲಿ ಖಾಲಿ ಅಂತ ತೋರಿಸಿ, ವೋಲ್ಟೇಜ್ ಅಥವಾ ಬಿಸಿ ಸ್ವಲ್ಪ ಬದಲಾದಾಗ ಬೇರೆ ಹೇಳುತ್ತವೆ. ಐದೈದು ನಿಮಿಷಕ್ಕೆ ಚೆಕ್ ಮಾಡಿ, ಖಾಲಿಯಾದ ಹೊತ್ತು ಗೊತ್ತುಮಾಡಿಕೊಂಡು ಅದಕ್ಕಿಂತ ಎರಡು ಮೂರು ಪಟ್ಟು ಇಡಿ. ಹಾಗಂತ ಮರೆತು ವಾರಗಟ್ಟಲೆ ಬಿಡಬೇಡಿ, ಅತಿಯಾದರೆ ಚಿಪ್‌ಗೇ ಹಾನಿ.

ಬರೆದಾದ ಮೇಲೆ ಕಿಟಕಿಗೆ ಬೆಳಕು ತೂರದ ಸ್ಟಿಕ್ಕರ್ ಹಚ್ಚಿ. ಡೇಟಾಶೀಟ್‌ಗಳ ಪ್ರಕಾರ ನೇರ ಬಿಸಿಲಿಗೆ ಇಟ್ಟರೆ ಒಂದು ವಾರದಲ್ಲಿ, ಟ್ಯೂಬ್‌ಲೈಟ್ ಕೆಳಗೆ ಸುಮಾರು ಮೂರು ವರ್ಷದಲ್ಲಿ ಅಳಿಯಬಹುದು. ಅಷ್ಟೇ ಅಲ್ಲ, ಕಿಟಕಿ ತೆರೆದಿದ್ದಾಗ ಬೀಳುವ ಜೋರು ಬೆಳಕು ಒಳಗಿನ ಸರ್ಕ್ಯೂಟ್ ನಡೆಯುವ ರೀತಿಯನ್ನೂ ಕೆಡಿಸಬಹುದು.

ಫ್ಲ್ಯಾಶ್‌ನಲ್ಲೂ ವಾಪಸ್ ಬಾರದ್ದು ಇದೆ

ಎಷ್ಟು ಸಲ ಬೇಕಾದರೂ ಬರೆಯಬಹುದಲ್ಲ, ಇದರಲ್ಲಿ ಹುಷಾರಾಗಿರಲು ಏನಿದೆ ಅನಿಸುತ್ತದೆ ಅಲ್ವಾ? 12ಎಫ್629 ಮತ್ತು 12ಎಫ್675 ತೆಗೆದುಕೊಳ್ಳಿ. ಆಸಿಲೇಟರ್ ಸಂಖ್ಯೆ ಇಲ್ಲೂ ಪ್ರೋಗ್ರಾಂ ಮೆಮೊರಿಯ ಕೊನೆಯ ವಿಳಾಸದಲ್ಲೇ ಇದೆ, 3ಎಫ್‌ಎಫ್‌ನಲ್ಲಿ. ಚಿಪ್ ಹೇಗೆ ನಡೆಯಬೇಕು ಅಂತ ಹೇಳುವ ಕಾನ್ಫಿಗರೇಶನ್ ಪದದ ಮೇಲಿನ ಎರಡು ಬಿಟ್‌ಗಳಲ್ಲಿ ಬ್ಯಾಂಡ್‌ಗ್ಯಾಪ್‌ನ (ಒಳಗಿನ ಅಳತೆಗೋಲಿನ ವೋಲ್ಟೇಜ್) ಹೊಂದಾಣಿಕೆಯೂ ಇದೆ. ಒಳ್ಳೆಯ ಪ್ರೋಗ್ರಾಮರ್ ಸಾಫ್ಟ್‌ವೇರ್ ಇವನ್ನು ಮೊದಲು ಓದಿ, ಅಳಿಸಿ, ಮತ್ತೆ ಬರೆಯುತ್ತದೆ. ಅಗ್ಗದ್ದು ಸುಮ್ನೆ ಅಳಿಸಿಬಿಡುತ್ತದೆ.

ಆಗ ಕಾಣುವ ಲಕ್ಷಣ ವಿಚಿತ್ರ. ನಿಮ್ಮ ಕೋಡ್ ಶುರುವಿನಲ್ಲಿ 3ಎಫ್‌ಎಫ್‌ಗೆ ಕಾಲ್ ಮಾಡಿ, ಅಂದರೆ ಅಲ್ಲಿಗೆ ಹಾರಿ ವಾಪಸ್ ಬಂದು, ಸಂಖ್ಯೆ ತರುತ್ತದೆ. ಅಲ್ಲಿ ಇರಬೇಕಾದ ವಾಪಸ್ ಬರುವ ಆದೇಶ ಇಲ್ಲದ ಕಾರಣ, ಚಿಪ್ ಖಾಲಿ ಪದವನ್ನೇ ಆದೇಶ ಅಂತ ನಡೆಸಿ, ಸೊನ್ನೆ ವಿಳಾಸಕ್ಕೆ ಸುತ್ತಿ ಬಂದು ಮತ್ತೆ ಶುರು ಮಾಡುತ್ತದೆ. ಮತ್ತೆ ಕಾಲ್, ಮತ್ತೆ ಸುತ್ತು. ವೆರಿಫೈ ಸರಿ, ಬೋರ್ಡ್ ಸರಿ, ಎಲ್ಇಡಿ ಮಾತ್ರ ಮಿನುಗುವುದಿಲ್ಲ. ಹೀಗಾದರೆ ಮೊದಲು 3ಎಫ್‌ಎಫ್ ಓದಿ ನೋಡಿ. 3ಎಫ್‌ಎಫ್‌ಎಫ್ ಕಂಡರೆ ಕಾರಣ ಸಿಕ್ಕಿತು. ಸಂಖ್ಯೆಯನ್ನು ಮತ್ತೆ ಅಳೆದು ಹಾಕಬಹುದು: ಚೌಕ ಅಲೆ ಹೊರಡಿಸುವ ಸಣ್ಣ ಪ್ರೋಗ್ರಾಂ ಬರೆದು, ಫ್ರೀಕ್ವೆನ್ಸಿ ಮೀಟರ್‌ನಲ್ಲಿ ನೋಡುತ್ತಾ ಸಂಖ್ಯೆ ಹೊಂದಿಸಿ. ಮೈಕ್ರೋಚಿಪ್‌ನ ಪ್ರೋಗ್ರಾಮರ್ ಆದ ಪಿಕ್‌ಕಿಟ್ 2ರ ಸಾಫ್ಟ್‌ವೇರ್‌ನಲ್ಲಿ ಇದನ್ನು ತಾನೇ ಮಾಡುವ ಆಯ್ಕೆ ಇದೆ. ಹಳೇ ಪಿಕ್‌ಕಿಟ್ 2 ಮನೆಯಲ್ಲಿದ್ದರೆ ಎಸೆಯಬೇಡಿ.

ಎವಿಆರ್‌ನಲ್ಲಿ ಗಮನ ಕೊಡಬೇಕಾದದ್ದು ಫ್ಯೂಸ್ ಬಿಟ್‌ಗಳಿಗೆ, ಅಂದರೆ ಚಿಪ್ ಹೇಗೆ ನಡೆಯಬೇಕು ಅಂತ ಗೊತ್ತುಮಾಡುವ ಬಿಟ್‌ಗಳಿಗೆ. ಒಂದು ಪಿನ್ ಜಾಸ್ತಿ ಸಿಗುತ್ತದೆ ಅಂತ ಎಟಿಟೈನಿಯ ರೀಸೆಟ್ ಪಿನ್ನನ್ನು ಮಾಮೂಲಿ ಪಿನ್ ಮಾಡಿದರೆ, ಮಾಮೂಲಿ ಐಎಸ್‌ಪಿ ಪ್ರೋಗ್ರಾಮರ್‌ಗೆ (ಬೋರ್ಡ್‌ನಲ್ಲಿರುವಾಗಲೇ ಬರೆಯುವಂಥದ್ದು) ಆ ಚಿಪ್ ಇನ್ನು ಸಿಗುವುದಿಲ್ಲ. ರೀಸೆಟ್ ಪಿನ್‌ಗೆ 12 ವೋಲ್ಟ್ ಕೊಡುವ ಪ್ರೋಗ್ರಾಮರ್ ಬೇಕಾಗುತ್ತದೆ. ಕ್ಲಾಕ್ ಫ್ಯೂಸನ್ನು ಹೊರಗಿನ ಕ್ರಿಸ್ಟಲ್‌ಗೆ ಬದಲಿಸಿ ಕ್ರಿಸ್ಟಲ್ ಇಡದಿದ್ದರೂ ಚಿಪ್ ಮೌನ, ಆದರೆ ಅದು ಸತ್ತಿಲ್ಲ, ಕ್ರಿಸ್ಟಲ್ ಹಚ್ಚಿದರೆ ಮಾತಾಡುತ್ತದೆ. ಲಾಕ್ ಬಿಟ್ ತೆಗೆಯಲು ಚಿಪ್ ಪೂರ್ತಿ ಅಳಿಸುವುದೊಂದೇ ದಾರಿ, ಒಳಗಿನ ಕೋಡ್ ಹೋಯಿತು ಅಂತಲೇ ಲೆಕ್ಕ. ಚಿಪ್ ಅಳಿಸಿದಾಗ ಡೇಟಾ ಇಇಪ್ರಾಮ್ (ಪ್ರೋಗ್ರಾಂ ತನ್ನ ಸಂಖ್ಯೆಗಳನ್ನು ಉಳಿಸಿಡುವ ಜಾಗ) ಕೂಡ ಅಳಿಯುತ್ತದೆ. ಅಳಿಯಬಾರದು ಅಂದರೆ ಇಇಸೇವ್ ಎಂಬ ಫ್ಯೂಸ್ ಮೊದಲೇ ಹಾಕಿರಬೇಕು. ಅಳತೆ ಯಂತ್ರದ ಹೊಂದಾಣಿಕೆ ಸಂಖ್ಯೆಗಳು ಇಇಪ್ರಾಮ್‌ನಲ್ಲಿ ಇದ್ದರೆ ಇದು ಬಹಳ ಮುಖ್ಯ.

ಸವೆತದ ಲೆಕ್ಕ

ತೆಳು ಆಕ್ಸೈಡ್ ಮೂಲಕ ಎಲೆಕ್ಟ್ರಾನ್ ಎಳೆದಾಗಲೆಲ್ಲ ಆ ಪದರ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಹಳೆಯ ಎಟಿ89ಸಿ51ಕ್ಕೆ ಕೊಟ್ಟ ಅಳತೆ 1,000 ಸಲ. ಎಟಿಮೆಗಾ328ಪಿಯ ಫ್ಲ್ಯಾಶ್‌ಗೆ 10,000 ಸಲ, ಅದರ ಇಇಪ್ರಾಮ್‌ಗೆ 1,00,000 ಸಲ. ಕೈಯಿಂದ ಬರೆದು ಪರೀಕ್ಷಿಸುವವರು ಫ್ಲ್ಯಾಶ್‌ನ 10,000 ಮುಟ್ಟುವುದು ಕಷ್ಟ. ಸಮಸ್ಯೆ ಬರುವುದು ಪ್ರೋಗ್ರಾಂ ತಾನೇ ಇಇಪ್ರಾಮ್‌ಗೆ ಬರೆಯುವಾಗ.

ಲೆಕ್ಕ ಹಾಕಿ ನೋಡಿ. ನೀರಿನ ಪಂಪ್ ಎಷ್ಟು ಹೊತ್ತು ಓಡಿತು ಅಂತ ಸೆಕೆಂಡಿಗೊಮ್ಮೆ ಒಂದೇ ವಿಳಾಸಕ್ಕೆ ಬರೆದರೆ 1,00,000 ಸೆಕೆಂಡ್ ಅಂದರೆ 28 ಗಂಟೆಗಿಂತ ಕಡಿಮೆ. ಎರಡನೇ ದಿನವೇ ಮಿತಿ ದಾಟಿತು. ನಿಮಿಷಕ್ಕೊಮ್ಮೆ ಬರೆದರೆ 69 ದಿನ. ಹತ್ತು ನಿಮಿಷಕ್ಕೊಮ್ಮೆ ಬರೆದರೂ ಎರಡು ವರ್ಷ ತುಂಬುವುದಿಲ್ಲ. ಮಿತಿ ದಾಟಿದ ಕೂಡಲೇ ಕೆಡುತ್ತದೆ ಅಂತಲ್ಲ, ಆದರೆ ಅದರಾಚೆಗೆ ಭರವಸೆ ಇಲ್ಲ.

ಹಾಗಾದರೆ ಏನು ಮಾಡಬೇಕು? ಬರೆಯುವ ಸಂಖ್ಯೆ ಬದಲಾದಾಗ ಮಾತ್ರ ಬರೆಯಿರಿ, ಆರ್ಡುಯಿನೋ ಲೈಬ್ರರಿಯಲ್ಲಿ ರೈಟ್ ಬದಲು ಅಪ್‌ಡೇಟ್ ಬಳಸಿದರೆ ಅದು ಇದನ್ನೇ ಮಾಡುತ್ತದೆ. ಒಂದೇ ವಿಳಾಸ ಬಿಟ್ಟು ಸಾಲಾಗಿ 50 ಜಾಗಗಳಲ್ಲಿ ಸುತ್ತುತ್ತಾ ಬರೆದರೆ ಆಯಸ್ಸು 50 ಪಟ್ಟು. ಬ್ರೌನ್‌ಔಟ್ ರಕ್ಷಣೆ, ಅಂದರೆ ವೋಲ್ಟೇಜ್ ತೀರಾ ಇಳಿದಾಗ ಚಿಪ್ ತಡೆದು ನಿಲ್ಲಿಸುವ ಏರ್ಪಾಡು, ಕಡ್ಡಾಯವಾಗಿ ಆನ್ ಮಾಡಿ. ವೋಲ್ಟೇಜ್ ಕುಸಿಯುತ್ತಿರುವಾಗ ಪ್ರೊಸೆಸರ್ ದಾರಿ ತಪ್ಪಿ ಇಇಪ್ರಾಮ್‌ಗೆ ಏನೇನೋ ಬರೆಯಬಹುದು. ನಮ್ಮ ಹಳ್ಳಿಗಳ ಕಡೆ ಪಂಪ್‌ಸೆಟ್ ಲೈನಿನಲ್ಲಿ ವೋಲ್ಟೇಜ್ ಏರಿಳಿಯುವುದು ನೋಡಿದವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ. ನಿಜವಾಗಿಯೂ ಪದೇ ಪದೇ ಬರೆಯಲೇಬೇಕು ಅಂದರೆ ಎಫ್‌ರ್‍ಯಾಮ್ (ಕರೆಂಟ್ ಹೋದರೂ ಉಳಿಯುವ ಇನ್ನೊಂದು ಬಗೆಯ ಮೆಮೊರಿ) ಇರುವ ಎಂಎಸ್‌ಪಿ430ಎಫ್‌ಆರ್ ಸರಣಿಯ ಚಿಪ್‌ಗಳನ್ನು ನೋಡಿ. ಅದರಲ್ಲಿ ಬರೆಯುವ ಮಿತಿ ಎಷ್ಟು ದೊಡ್ಡದೆಂದರೆ ಲೆಕ್ಕ ಇಡುವ ಅಗತ್ಯವೇ ಬರುವುದಿಲ್ಲ.

ಹೊಸ ಕೆಲಸಕ್ಕೆ ಯಾವುದು?

ಕಲಿಯುವುದಕ್ಕೆ, ಹವ್ಯಾಸಕ್ಕೆ, ನೂರಾರು ಬೋರ್ಡ್‌ವರೆಗಿನ ತಯಾರಿಗೆ ಕಣ್ಣು ಮುಚ್ಚಿ ಫ್ಲ್ಯಾಶ್ ತೆಗೆದುಕೊಳ್ಳಿ. 16 ಕೆಬಿ ಫ್ಲ್ಯಾಶ್ ಇರುವ ಸಿಎಚ್32ವಿ003 ಬಂದ ಮೇಲೆ ಬೆಲೆಯ ನೆಪವೂ ಉಳಿದಿಲ್ಲ. ಪ್ರೋಗ್ರಾಂ ಮೆಮೊರಿ ಹೊರಗಿರುವ ಚಿಪ್‌ಗಳೂ ಇವೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಕಂಪನಿಯ ಆರ್‌ಪಿ2040 ಈ ವಿಷಯದಲ್ಲಿ ಹಳೇ 8031ರ ವಂಶ: ಪ್ರೋಗ್ರಾಂ ಪಕ್ಕದ ಫ್ಲ್ಯಾಶ್ ಐಸಿಯಲ್ಲಿರುತ್ತದೆ, ಒಳಗಿರುವುದು 16 ಕೆಬಿ ಬೂಟ್ ರಾಮ್ (ಚಿಪ್ ಶುರುವಾಗುವಾಗ ನಡೆಯುವ, ಫ್ಯಾಕ್ಟರಿಯಲ್ಲೇ ಅಚ್ಚಾದ ಕೋಡ್) ಮಾತ್ರ. ಆ ಬೂಟ್ ರಾಮನ್ನು ಯಾರೂ ಅಳಿಸಲಾಗದು, ಹಾಗಾಗಿ ಎಷ್ಟೇ ಕೆಟ್ಟ ಪ್ರೋಗ್ರಾಂ ಹಾಕಿದರೂ ಬಟನ್ ಒತ್ತಿ ಮತ್ತೆ ಶುರು ಮಾಡಬಹುದು. ಅಳಿಸಲಾಗದ ಮೆಮೊರಿಗೆ ಇದಕ್ಕಿಂತ ಒಳ್ಳೆ ಉಪಯೋಗ ನನಗೆ ಕಂಡಿಲ್ಲ.

ಓಟಿಪಿ ಆರಿಸುವುದು ಸಂಖ್ಯೆ ಹತ್ತಾರು ಸಾವಿರಕ್ಕೆ ಹೋದಾಗ, ಕೋಡ್ ಸಣ್ಣದಾಗಿದ್ದಾಗ, ಒಂದೊಂದು ಪೈಸೆಯೂ ಲೆಕ್ಕಕ್ಕೆ ಬಂದಾಗ ಮಾತ್ರ. ಆಗಲೂ ಖಾಲಿ ಪದಗಳನ್ನು ಬಿಟ್ಟೇ ಕೋಡ್ ಕಟ್ಟಿ. ಮೊದಲ ಹತ್ತು ಚಿಪ್ ಬರೆದು, ನಿಜವಾದ ಬೋರ್ಡ್‌ನಲ್ಲಿ, ನಿಜವಾದ ಪವರ್ ಸಪ್ಲೈ ಮೇಲೆ ಒಂದು ವಾರ ಓಡಿಸಿ. ಉಳಿದ ರೀಲ್ ಬಿಚ್ಚುವುದು ಅದಾದ ಮೇಲೆ.